ಸೈನ್ ಹಾಕದ ಕಾಗದ

ಆಫೀಸಿನಲ್ಲಿ ನೀನು ಮಾಡೋ ಕೆಲಸ ಏನು ಅಂತ ಅಮ್ಮ ಕೇಳಿದಾಗಲೆಲ್ಲ ‘ಕಂಪ್ಯೂಟರ್ ಕೆಲಸ’ ಅಂದುಬಿಡ್ತೀನಿ. ನಿಜವಾದ ಉತ್ತರ ಸ್ವಲ್ಪ ವಿಚಿತ್ರ. ದಿನಸಿ ಮಾರುವ ಒಂದು ಆಪ್ ಇದೆ, ಅದನ್ನು ಬಳಸೋ ಜನರ ಮೇಲೆ ನಾನು ಪ್ರಯೋಗ ಮಾಡ್ತೀನಿ. ಅರ್ಧ ಜನಕ್ಕೆ ಹಸಿರು ಬಟನ್, ಅರ್ಧ ಜನಕ್ಕೆ ಕಿತ್ತಳೆ ಬಟನ್. ಯಾರಿಗೆ ಯಾವುದು ಅಂತ ಕಂಪ್ಯೂಟರ್ರೇ ಚೀಟಿ ಎತ್ತುತ್ತೆ. ಎರಡು ವಾರ ಆದಮೇಲೆ ಯಾವ ಬಟನ್‌ನಿಂದ ಹೆಚ್ಚು ಟೊಮೆಟೊ ಮಾರಾಟವಾಯ್ತು ಅಂತ ನೋಡಿ, ಗೆದ್ದ ಬಟನ್ ಎಲ್ಲರಿಗೂ. ಎ/ಬಿ ಟೆಸ್ಟ್ ಅಂತಾರೆ ಇದಕ್ಕೆ. ಇವತ್ತು ಬೆಳಿಗ್ಗೆಯಿಂದ ನೀವೂ ಇಂಥ ನಾಲ್ಕಾರು ಟೆಸ್ಟ್‌ಗಳಲ್ಲಿ ಸೇರಿಹೋಗಿರ್ತೀರಿ. ಯಾರೂ ನಿಮ್ಮನ್ನು ಕೇಳಿರಲ್ಲ.

ಎಂಟು ವರ್ಷದಿಂದ ಇದೇ ಕೆಲಸ. ‘ನಮಗೆ ಏನನ್ಸುತ್ತೆ ಅನ್ನೋದು ಬೇಡ, ಡೇಟಾ ಏನು ಹೇಳುತ್ತೆ ನೋಡೋಣ’ ಅಂತ ಮೀಟಿಂಗ್‌ಗಳಲ್ಲಿ ಭಾಷಣ ಬಿಗಿದಿದ್ದೀನಿ. ಇಂಥ ನಾನು, ಅಕ್ಕನ ಮಗನ ಹಾಸಿಗೆ ಪಕ್ಕ ಒಬ್ಬ ಡಾಕ್ಟರು ಇದೇ ತರಹದ ಪ್ರಶ್ನೆ ಹಿಡಿದು ನಿಂತಾಗ ಏನು ಮಾಡಿದೆ ಅನ್ನೋದನ್ನ ಬರೀಬೇಕು ಅಂತ ಬಹಳ ದಿನದಿಂದ ಇತ್ತು. ಮುಂದೂಡ್ತಾ ಬಂದೆ. ಯಾಕಂದ್ರೆ ಅದರಲ್ಲಿ ನಾನು ಅಷ್ಟೇನೂ ಚೆನ್ನಾಗಿ ಕಾಣಿಸಲ್ಲ.

ಅಕ್ಕನ ಮನೆ ಶ್ರೀನಿವಾಸಪುರದ ಹತ್ತಿರ ಒಂದು ಹಳ್ಳಿ. ಭಾವನಿಗೆ ಮಾವಿನ ತೋಟ. ನಮ್ಮ ಕಡೆಯ ನೀರಿನ ಕಥೆ ನಿಮಗೆ ಗೊತ್ತೇ ಇರುತ್ತೆ. ವರ್ಷಪೂರ್ತಿ ಹರಿಯುವ ಹೊಳೆ ಒಂದೂ ಇಲ್ಲ, ಸಾವಿರ ಅಡಿ ಕೊರೆಸಿದರೂ ಬೋರ್‌ವೆಲ್ ನಂಬೋ ಹಾಗಿಲ್ಲ. ಹಾಗಾಗಿ ನಲ್ಲಿ ಬಂದ ದಿನ, ಟ್ಯಾಂಕರ್ ಬಂದ ದಿನ ಮನೆಯಲ್ಲಿರೋ ಡ್ರಮ್ಮು, ತೊಟ್ಟಿ, ಬಿಂದಿಗೆ ಎಲ್ಲ ತುಂಬಿಸಿಡಬೇಕು. ಡೆಂಗಿ ಸೊಳ್ಳೆಗೆ ಬೇಕಾಗಿರೋದೂ ಅದೇ, ಅಲ್ಲಾಡದೆ ನಿಂತ ತಿಳಿನೀರು. ಬರದ ನಾಡಿನಲ್ಲಿ ಡೆಂಗಿ ಹೇಗೆ ಬರುತ್ತೆ ಅಂತ ಬೆಂಗಳೂರಿನ ಗೆಳೆಯರು ಕೇಳ್ತಾರೆ. ಬರ ಇರೋದರಿಂದಲೇ ಬರುತ್ತೆ.

ಎರಡು ವರ್ಷದ ಹಿಂದೆ, ಮಾವಿನ ಸುಗ್ಗಿ ಮುಗಿದು ಮಳೆ ಹಿಡಿದಿದ್ದ ದಿನಗಳಲ್ಲಿ, ಅಕ್ಕನ ಮಗ ಪುಟ್ಟನಿಗೆ ಜ್ವರ ಬಂತು. ಎಂಟು ವರ್ಷದ ಹುಡುಗ. ನಾಲ್ಕು ದಿನ ಕೆಂಡದಂಥ ಜ್ವರ. ಅವರಜ್ಜಿ ಪರಂಗಿ ಎಲೆ ಅರೆದು ರಸ ಕುಡಿಸಿದರು. ಐದನೇ ದಿನ ಬೆಳಿಗ್ಗೆ ಜ್ವರ ಬಿಟ್ಟಿತು, ಎಲ್ಲರೂ ಉಸಿರು ಬಿಟ್ಟರು. ಡೆಂಗಿ ಮೋಸ ಮಾಡೋದೇ ಇಲ್ಲಿ. ಜ್ವರ ಇಳಿದ ಮೇಲಿನ ಒಂದೆರಡು ದಿನವೇ ನಿಜವಾದ ಅಪಾಯದ ಹೊತ್ತು. ರಕ್ತನಾಳಗಳಿಂದ ನೀರಿನಂಶ ಸೋರಿ ಹೊರಗೆ ಹೋಗುತ್ತೆ, ಒಳಗೆ ರಕ್ತ ಗಟ್ಟಿಯಾಗ್ತಾ ಬರುತ್ತೆ, ಬಿಪಿ ಕುಸಿಯುತ್ತೆ. ಸಂಜೆ ಹೊತ್ತಿಗೆ ಪುಟ್ಟನಿಗೆ ಹೊಟ್ಟೆನೋವು, ವಾಂತಿ, ಕೈಕಾಲು ತಣ್ಣಗೆ. ಶ್ರೀನಿವಾಸಪುರದಲ್ಲಿ ನೋಡಿದ ಡಾಕ್ಟರು ಒಂದು ನಿಮಿಷವೂ ತಡಮಾಡದೆ ಕೋಲಾರಕ್ಕೆ ಕಳಿಸಿದರು.

ನಾನಿರೋದು ಮಾಲೂರಿನಲ್ಲಿ, ದಿನಾ ರೈಲು ಹತ್ತಿ ವೈಟ್‌ಫೀಲ್ಡಿಗೆ ಹೋಗಿಬರ್ತೀನಿ. ಭಾವನ ಫೋನ್ ಬಂದಾಗ ರಾತ್ರಿ ಎಂಟು ದಾಟಿತ್ತು. ಬೈಕಿನಲ್ಲಿ ಕೋಲಾರದ ಆಸ್ಪತ್ರೆ ಮುಟ್ಟೋ ಹೊತ್ತಿಗೆ ಪುಟ್ಟನ ಎರಡೂ ಕೈಗೆ ಸೂಜಿ ಚುಚ್ಚಿ ಡ್ರಿಪ್ ಹಾಕಿದ್ದರು. ಕಣ್ಣು ಅರ್ಧ ತೆರೆದಿದ್ದ. ನನ್ನನ್ನು ನೋಡಿ ‘ಮಾಮ, ಬೈಕಲ್ಲಿ ಬಂದ್ಯಾ’ ಅಂದ.

ಸ್ವಲ್ಪ ಹೊತ್ತಾದ ಮೇಲೆ ಪಿಜಿ ಓದ್ತಿದ್ದ ಒಬ್ಬರು ಡಾಕ್ಟ್ರಮ್ಮ ಬಂದು ನಮ್ಮನ್ನು ಪಕ್ಕಕ್ಕೆ ಕರೆದರು. ವಯಸ್ಸು ನನಗಿಂತ ಚಿಕ್ಕದು, ಕಣ್ಣಲ್ಲಿ ಎರಡು ದಿನದ ನಿದ್ದೆ ಬಾಕಿ. ಡೆಂಗಿ ಮಕ್ಕಳ ಬಗ್ಗೆ ಒಂದು ಅಧ್ಯಯನ ಮಾಡ್ತಿದ್ದೀವಿ ಅಂದರು. ಡ್ರಿಪ್ ಎಷ್ಟು ಏರಿಸಬೇಕು, ಯಾವಾಗ ಇಳಿಸಬೇಕು ಅನ್ನೋದು ಈ ಕಾಯಿಲೆಯಲ್ಲಿ ಕತ್ತಿ ಮೇಲಿನ ನಡಿಗೆ. ಕಡಿಮೆ ಆದರೆ ಬಿಪಿ ಏಳಲ್ಲ, ಜಾಸ್ತಿ ಆದರೆ ನೀರು ಶ್ವಾಸಕೋಶದ ಸುತ್ತ ತುಂಬಿಕೊಳ್ಳುತ್ತೆ. ಅರ್ಧ ಮಕ್ಕಳಿಗೆ ಈಗಿನ ಪದ್ಧತಿಯಂತೆ ನಾಡಿ, ಬಿಪಿ, ರಕ್ತಪರೀಕ್ಷೆ ನೋಡಿಕೊಂಡು ಡ್ರಿಪ್. ಇನ್ನರ್ಧ ಮಕ್ಕಳಿಗೆ ಇವುಗಳ ಜೊತೆಗೆ ಆಗಾಗ ಸ್ಕ್ಯಾನ್ ಮಾಡಿ, ಹೊಟ್ಟೆಯೊಳಗಿನ ದೊಡ್ಡ ರಕ್ತನಾಳ ಎಷ್ಟು ತುಂಬಿದೆ ಅಂತ ನೋಡಿಕೊಂಡು ಡ್ರಿಪ್. ಯಾವ ಮಗುವಿಗೆ ಯಾವುದು ಅಂತ ಕಂಪ್ಯೂಟರ್ ಆರಿಸುತ್ತೆ.

ಭಾವ ಕೇಳಿದರು, “ನೀವೇ ಹೇಳಿ ಮೇಡಮ್, ಎರಡ್ರಲ್ಲಿ ಯಾವ್ದು ಒಳ್ಳೇದು?”

“ಗೊತ್ತಿಲ್ಲ ಸರ್. ಗೊತ್ತಿದ್ದಿದ್ರೆ ಎಲ್ಲರಿಗೂ ಅದನ್ನೇ ಮಾಡ್ತಿದ್ವಿ.”

ಈಗ ಯೋಚಿಸಿದರೆ ಆ ರಾತ್ರಿ ಆ ವಾರ್ಡಿನಲ್ಲಿ ಯಾರಾದರೂ ಆಡಿದ ಅತ್ಯಂತ ಪ್ರಾಮಾಣಿಕ ಮಾತು ಅದು. ಆದರೆ ಭಾವನ ಮುಖ ನೀವು ನೋಡಬೇಕಿತ್ತು. ಡಾಕ್ಟರ ಬಾಯಲ್ಲಿ ‘ಗೊತ್ತಿಲ್ಲ’ ಕೇಳೋಕೆ ಯಾರೂ ಮಗುವನ್ನು ಎತ್ತಿಕೊಂಡು ಅಷ್ಟು ದೂರ ಬರಲ್ಲ. ಭಾವ ನನ್ನ ಕಡೆ ತಿರುಗಿ, “ನೀನು ಓದಿರೋನು, ನೀನೇ ಹೇಳಪ್ಪ” ಅಂದರು. ಅಕ್ಕನ ಅತ್ತೆ ಬಾಗಿಲ ಹತ್ತಿರದಿಂದಲೇ ತೆಲುಗಿನಲ್ಲಿ “ವದ್ದು ನಾಯನಾ, ವದ್ದು” ಅನ್ನುತ್ತಿದ್ದರು. ಡಾಕ್ಟ್ರಮ್ಮ ಮೂರು ಪುಟದ ಕನ್ನಡದ ಕಾಗದ ಕೊಟ್ಟರು. ನಾನು ಮೊದಲ ಪುಟದ ಅರ್ಧಕ್ಕೇ ನಿಲ್ಲಿಸಿದೆ. “ನಮ್ಮ ಮಗು ಮೇಲೆ ಪ್ರಯೋಗ ಬೇಡ ಮೇಡಮ್. ಎಲ್ಲರಿಗೂ ಏನು ಕೊಡ್ತೀರೋ ಅದನ್ನೇ ಕೊಡಿ” ಅಂದೆ. ಅವರು ಮುಖ ಕೆಡಿಸಿಕೊಳ್ಳಲಿಲ್ಲ. “ಆಯ್ತು ಸರ್, ಟ್ರೀಟ್‌ಮೆಂಟ್‌ನಲ್ಲಿ ಏನೂ ವ್ಯತ್ಯಾಸ ಆಗಲ್ಲ” ಅಂತ ಹೇಳಿ ಪಕ್ಕದ ಹಾಸಿಗೆಗೆ ಹೋದರು.

ಪಕ್ಕದ ಹಾಸಿಗೆಯಲ್ಲಿ ಹತ್ತು ವರ್ಷದ ಹುಡುಗಿ. ಮುಳಬಾಗಿಲು ಕಡೆಯವರು. ಅಪ್ಪ ವಡ್ಡಹಳ್ಳಿ ಮಂಡಿಯಲ್ಲಿ ಟೊಮೆಟೊ ಬಾಕ್ಸ್ ಲೋಡ್ ಮಾಡೋರು. ನಮಗೆ ಹೇಳಿದ್ದನ್ನೇ ಡಾಕ್ಟ್ರಮ್ಮ ಅವರಿಗೂ ಹೇಳಿದರು, ನಮಗಿಂತ ನಿಧಾನವಾಗಿ, ಎರಡೆರಡು ಸಲ. ಹುಡುಗಿಯ ಅಮ್ಮ ಒಪ್ಪಿ ಸೈನ್ ಹಾಕಿದರು.

ಪುಟ್ಟ ಉಳಿದುಕೊಂಡ. ಆ ಹುಡುಗಿಯೂ ಚೆನ್ನಾಗಾದಳು. ಕಥೆ ಇಷ್ಟೇ, ಇದರಲ್ಲಿ ದುರಂತ ಏನೂ ಇಲ್ಲ. ನಾನು ‘ಬೇಡ’ ಅಂದಿದ್ದಕ್ಕೆ ಯಾರಿಗೂ ಏನೂ ಆಗಲಿಲ್ಲ. ಆದರೂ ಅದು ಚಪ್ಪಲಿಯೊಳಗಿನ ಕಲ್ಲಿನ ಹಾಗೆ ನನ್ನ ಜೊತೆ ಬಂತು.

ಶುರುವಾಗಿದ್ದು ಡಿಸ್ಚಾರ್ಜ್ ಚೀಟಿಯಿಂದ. ಅದರಲ್ಲಿ ‘ಆರ್‌ಎಲ್’ ಅಂತ ಬರೆದು ಮುಂದೆ ಲೆಕ್ಕ ಹಾಕಿದ್ದರು. ಆರ್‌ಎಲ್ ಅಂದರೆ ರಿಂಗರ್ ಲ್ಯಾಕ್ಟೇಟ್. ನಾವೆಲ್ಲ ಬಾಯಿಮಾತಿಗೆ ‘ಗ್ಲೂಕೋಸ್ ಹಾಕಿದ್ರು’ ಅನ್ನೋ ಬಾಟಲಿಗಳಲ್ಲಿ ಇದೂ ಒಂದು, ಉಪ್ಪಿನಂಶದ ನೀರು. ಪುಟ್ಟನಿಗೆ ಇದನ್ನೇ ಯಾಕೆ ಕೊಟ್ಟರು ಅಂತ ರೈಲಿನಲ್ಲಿ ಕೂತು ಹುಡುಕಿದೆ. ವಿಯೆಟ್ನಾಂನ ಹೋ ಚಿ ಮಿನ್ ಸಿಟಿಯ ಒಂದು ಅಧ್ಯಯನ ಸಿಕ್ಕಿತು, 2005ರಲ್ಲಿ ಪ್ರಕಟವಾಗಿದ್ದು. ಡೆಂಗಿಯಿಂದ ಶಾಕ್‌ಗೆ ಹೋದ 512 ಮಕ್ಕಳು. ಹೆಚ್ಚು ಬೆಲೆಯ ದ್ರಾವಣಗಳು ಬೇಕಾ, ಅಗ್ಗದ ರಿಂಗರ್ ಲ್ಯಾಕ್ಟೇಟ್ ಸಾಕಾ ಅನ್ನೋದು ಪ್ರಶ್ನೆ. ಯಾವ ಮಗುವಿಗೆ ಯಾವ ಬಾಟಲಿ ಅಂತ ಚೀಟಿ ಎತ್ತಿದ ಹಾಗೆ ಹಂಚಿದರು. ಮಧ್ಯಮ ಮಟ್ಟದ ಶಾಕ್ ಇರುವ 383 ಮಕ್ಕಳಲ್ಲಿ ಅಗ್ಗದ್ದೇ ಸಾಕು ಅಂತ ಗೊತ್ತಾಯ್ತು. ಅಷ್ಟೂ ಮಕ್ಕಳಲ್ಲಿ ತೀರಿಕೊಂಡಿದ್ದು ಒಂದು ಮಗು.

ಅಂದರೆ ಅಲ್ಲಿ ಐನೂರಕ್ಕೂ ಹೆಚ್ಚು ಅಪ್ಪ-ಅಮ್ಮ, ನನ್ನ ಭಾವನ ಹಾಗೇ ತಣ್ಣಗಾದ ಪುಟ್ಟ ಕೈ ಹಿಡಿದು ನಿಂತಿದ್ದಾಗ, ‘ಆಯ್ತು’ ಅಂದಿದ್ದರು. ‘ಎಲ್ಲರಿಗೂ ಏನು ಕೊಡ್ತೀರೋ ಅದನ್ನೇ ಕೊಡಿ’ ಅಂತ ನಾನು ಗತ್ತಿನಿಂದ ಕೇಳಿದೆನಲ್ಲ, ಆ ‘ಎಲ್ಲರಿಗೂ ಕೊಡೋದು’ ಆಕಾಶದಿಂದ ಇಳಿದಿದ್ದೇನೂ ಅಲ್ಲ. ಬೇರೆಯವರ ಮಕ್ಕಳ ಮೇಲೆ ನಡೆದ ಪ್ರಯೋಗದ ಫಲವನ್ನು ಬಾಟಲಿಯಲ್ಲಿ ಇಳಿಸಿಕೊಂಡು, ನಮ್ಮ ಮಗು ಮೇಲೆ ಪ್ರಯೋಗ ಬೇಡ ಅಂದಿದ್ದೆ.

ಇದನ್ನು ಆಫೀಸಿನಲ್ಲಿ ಹೇಳಿದಾಗ ಗೆಳತಿಯೊಬ್ಬಳು ಒಪ್ಪಲಿಲ್ಲ. “ಅಪ್ಪ-ಅಮ್ಮ ಆ ಹೊತ್ತಲ್ಲಿ ತಮ್ಮ ಮಗು ಬಗ್ಗೆ ಯೋಚಿಸಬೇಕಾ, ವಿಜ್ಞಾನದ ಬಗ್ಗೆನಾ? ಡಾಕ್ಟರಿಗೆ ಸರಿ ಅನ್ಸಿದ್ದನ್ನ ಮಾಡಲಿ. ಚೀಟಿ ಎತ್ತೋದ್ಯಾಕೆ?” ಅಂದಳು. ನ್ಯಾಯವಾದ ಪ್ರಶ್ನೆ. ಡಾಕ್ಟರಿಗೆ ಸರಿ ಅನ್ಸಿದ್ದು ನಿಜವಾಗಲೂ ಸರಿ ಇರುತ್ತೆ ಅನ್ನೋದಾದರೆ ಉತ್ತರ ಸುಲಭ ಇತ್ತು.

ಆಫ್ರಿಕಾದ ಒಂದು ಅಧ್ಯಯನ ನೋಡಿ. ಉಗಾಂಡಾ, ಕೀನ್ಯಾ, ತಾಂಜಾನಿಯಾಗಳಲ್ಲಿ ತೀವ್ರ ಜ್ವರದಿಂದ ರಕ್ತಸಂಚಾರ ಕುಸಿದು ಆಸ್ಪತ್ರೆಗೆ ಬಂದ 3141 ಮಕ್ಕಳು. ಇಂಥ ಮಕ್ಕಳಿಗೆ ಮೊದಲ ಗಂಟೆಯಲ್ಲೇ ರಭಸವಾಗಿ ದ್ರವ ಏರಿಸಬೇಕು ಅನ್ನೋದು ದೊಡ್ಡ ದೊಡ್ಡ ದೇಶಗಳ ಪಠ್ಯದಲ್ಲಿದ್ದ ಪಾಠ. ಅದನ್ನು ಕೊಟ್ಟ ಮಕ್ಕಳನ್ನೂ ಕೊಡದ ಮಕ್ಕಳನ್ನೂ ಹೋಲಿಸಿದರು. ಎರಡು ದಿನದೊಳಗೆ ಸತ್ತವರು, ರಭಸವಾಗಿ ಕೊಟ್ಟ ಕಡೆ ನೂರಕ್ಕೆ ಹತ್ತೂವರೆ, ಕೊಡದ ಕಡೆ ಏಳಕ್ಕೆ ಸ್ವಲ್ಪ ಮೇಲೆ. 2011ರಲ್ಲಿ ಅಧ್ಯಯನವನ್ನು ಅರ್ಧಕ್ಕೇ ನಿಲ್ಲಿಸಿದರು. (ಡೆಂಗಿಗೆ ಈ ಲೆಕ್ಕ ಹಾಕಬೇಡಿ, ಅಲ್ಲಿ ದ್ರವ ಬೇಕೇ ಬೇಕು, ಅಳತೆಯಲ್ಲಿ.) ಈ ಚೀಟಿ ಎತ್ತದೇ ಹೋಗಿದ್ದರೆ, ಒಳ್ಳೆಯ ಮನಸ್ಸಿನ ಡಾಕ್ಟರುಗಳು ಒಳ್ಳೆಯದು ಅಂತ ನಂಬಿಕೊಂಡೇ ನೂರಕ್ಕೆ ಮೂರು ಮಕ್ಕಳನ್ನು ಹೆಚ್ಚಿಗೆ ಕಳೆದುಕೊಳ್ತಾ ಇರ್ತಿದ್ದರು. ಯಾರಿಗೂ ಗೊತ್ತಾಗ್ತಿರಲಿಲ್ಲ. ಅಷ್ಟು ಕಾಯಿಲೆಯ ಮಗು ಸತ್ತರೆ ಕಾಯಿಲೆಯಿಂದ ಸತ್ತಿತು ಅಂತಲೇ ಎಲ್ಲರೂ ಅಂದುಕೊಳ್ಳೋದು.

“ಆಫ್ರಿಕಾ ಬಿಡು, ನಮ್ಮೂರಿನದ್ದು ಹೇಳು” ಅಂದಳು.

ನಮ್ಮೂರಿನದ್ದೂ ಇದೆ. ಹುಟ್ಟಿದ ತಕ್ಷಣ ಅಳದ ಮಗು, ಅಂದರೆ ಹೆರಿಗೆ ಹೊತ್ತಲ್ಲಿ ಮೆದುಳಿಗೆ ಆಮ್ಲಜನಕ ಸಾಲದೆ ಹೋದ ಮಗು, ನಮ್ಮ ಹಳ್ಳಿಗಳಲ್ಲಿ ಪ್ರತಿ ಮನೆತನಕ್ಕೂ ಗೊತ್ತಿರುವ ಸಂಕಟ. ಇಂಥ ಮಗುವಿನ ಮೈಯನ್ನು ಮೂರು ದಿನ 33.5 ಡಿಗ್ರಿಗೆ ತಂಪು ಮಾಡಿಟ್ಟರೆ ಮೆದುಳು ಉಳಿಯುತ್ತೆ ಅಂತ ಶ್ರೀಮಂತ ದೇಶಗಳಲ್ಲಿ ಸಾಬೀತಾಗಿತ್ತು, ಅಲ್ಲಿ ಅದೇ ರೂಢಿಯಾಗಿತ್ತು. ನಮ್ಮಲ್ಲೂ ಕೆಲವು ಆಸ್ಪತ್ರೆಗಳು ಶುರು ಮಾಡಿದ್ದವು. ಆಗ ಭಾರತ, ಶ್ರೀಲಂಕಾ, ಬಾಂಗ್ಲಾದೇಶದ ಏಳು ಆಸ್ಪತ್ರೆಗಳಲ್ಲಿ ಹೀಲಿಕ್ಸ್ ಅನ್ನೋ ಅಧ್ಯಯನ ನಡೆಯಿತು. ಬೆಂಗಳೂರಿನ ಇಂದಿರಾ ಗಾಂಧಿ ಮಕ್ಕಳ ಆರೋಗ್ಯ ಸಂಸ್ಥೆ, ಬೆಂಗಳೂರು ಮೆಡಿಕಲ್ ಕಾಲೇಜು ಎರಡೂ ಅದರಲ್ಲಿದ್ದವು. 408 ಹಸುಗೂಸುಗಳು. ಹುಟ್ಟಿದ ಆರು ಗಂಟೆಯೊಳಗೆ ತಂಪು ಮಾಡೋಕೆ ಶುರು ಮಾಡಬೇಕು, ಅಂದರೆ ಒಪ್ಪಿಗೆ ಕೇಳೋದೂ ಅಷ್ಟರೊಳಗೇ. ತಾಯಿ ಇನ್ನೂ ಹೆರಿಗೆ ಸುಸ್ತಿನಲ್ಲಿರ್ತಾಳೆ, ಅಪ್ಪನಿಗೆ ಮಗು ಬದುಕಿದೆಯಾ ಅನ್ನೋದೂ ಸರಿಯಾಗಿ ಗೊತ್ತಿರಲ್ಲ.

ಸಾಬೀತಾದ ಚಿಕಿತ್ಸೆಯನ್ನು ಅರ್ಧ ಮಕ್ಕಳಿಗೆ ಕೊಡದೇ ಇರೋದು ಅನ್ಯಾಯ ಅನ್ನೋ ಆಕ್ಷೇಪ ಇತ್ತು. ನಾನಿದ್ದಿದ್ದರೆ ನಾನೂ ಹಾಗೇ ಕೂಗಾಡ್ತಿದ್ದೆ. 2021ರಲ್ಲಿ ಫಲಿತಾಂಶ ಬಂತು. ಒಂದೂವರೆ ವರ್ಷದ ಹೊತ್ತಿಗೆ, ತಂಪು ಮಾಡಿದ ಮಕ್ಕಳಲ್ಲಿ ನೂರಕ್ಕೆ 42 ತೀರಿಕೊಂಡಿದ್ದರು, ಮಾಡದ ಮಕ್ಕಳಲ್ಲಿ 31. ನಮ್ಮಂಥ ದೇಶಗಳಲ್ಲಿ ಇದನ್ನು ಮಾಡಬೇಡಿ ಅಂತ ಅಧ್ಯಯನ ಮಾಡಿದವರೇ ಹೇಳಿದರು. ಲಂಡನ್ನಿನ ಮಗುವಿಗೆ ಆಗಿದ್ದು ನಮ್ಮ ಮಗುವಿಗೂ ಆಗುತ್ತೆ ಅಂತ ಅಂದುಕೊಂಡೇ ಮುಂದುವರಿದಿದ್ದರೆ ಅಂತ ನೆನೆಸಿಕೊಂಡರೆ ಮೈ ಜುಂ ಅನ್ನುತ್ತೆ.

ಹಾಗಂತ ಚೀಟಿ ಎತ್ತದೇ ಇದ್ದರೆ ಅದೃಷ್ಟದ ಆಟ ಇಲ್ಲ ಅಂತಲೂ ಅಲ್ಲ. ಒಂದು ಆಸ್ಪತ್ರೆಯ ಹಿರಿಯ ಡಾಕ್ಟರಿಗೆ ಒಂದು ಅಭ್ಯಾಸ, ಇನ್ನೊಂದರವರಿಗೆ ಇನ್ನೊಂದು. ಶ್ರೀನಿವಾಸಪುರದಿಂದ ಹೊರಟ ಆಂಬುಲೆನ್ಸ್ ಕೋಲಾರದ ಕಡೆ ತಿರುಗಿದರೆ ಒಂದು ರೀತಿ, ಚಿಂತಾಮಣಿ ಕಡೆ ತಿರುಗಿದರೆ ಇನ್ನೊಂದು ರೀತಿ. ಅಲ್ಲೂ ಚೀಟಿ ಎತ್ತಿದ ಹಾಗೇ ಆಯ್ತು. ಆದರೆ ಯಾರೂ ಲೆಕ್ಕ ಬರೆದಿಡಲ್ಲ, ಅದರಿಂದ ಮುಂದಿನ ಮಗುವಿಗೆ ಏನೂ ಸಿಗಲ್ಲ. ಅದಕ್ಕೆ ಯಾರೂ ಕಾಗದ ಕೊಟ್ಟು ಒಪ್ಪಿಗೆಯನ್ನೂ ಕೇಳಲ್ಲ.

ಇಷ್ಟು ಓದಿ ‘ಬೇಡ ಅಂದಿದ್ದು ತಪ್ಪು’ ಅಂತ ಷರಾ ಬರೆದು ಮುಗಿಸಬಹುದಿತ್ತು. ಆದರೆ ‘ಬೇಡ’ಕ್ಕೂ ಒಂದು ಚರಿತ್ರೆ ಇದೆ, ಅದೂ ನಮ್ಮ ಮಗ್ಗುಲಲ್ಲೇ. ಮುಳಬಾಗಿಲಿನ ನಮ್ಮ ಮನೆಯಲ್ಲಿ ಟಿವಿ ಅಂದರೆ ಅರ್ಧ ತೆಲುಗು, ಹಾಗಾಗಿ ಖಮ್ಮಂ ಹೆಸರು ನನ್ನ ತಲೆಯಲ್ಲಿ ಎಲ್ಲೋ ಉಳಿದಿತ್ತು. 2009ರಲ್ಲಿ ಆಗಿನ ಆಂಧ್ರದ ಖಮ್ಮಂ ಮತ್ತು ಗುಜರಾತಿನ ವಡೋದರಾ ಜಿಲ್ಲೆಗಳಲ್ಲಿ 10ರಿಂದ 14 ವರ್ಷದ ಸಾವಿರಾರು ಹೆಣ್ಣುಮಕ್ಕಳಿಗೆ ಗರ್ಭಕಂಠದ ಕ್ಯಾನ್ಸರ್ ತಡೆಯುವ ಲಸಿಕೆ ಹಾಕುವ ಒಂದು ಅಧ್ಯಯನ ಯೋಜನೆ ನಡೆಯಿತು. ಏಳು ಹುಡುಗಿಯರು ಸತ್ತರು. ಸಾವಿಗೂ ಲಸಿಕೆಗೂ ಸಂಬಂಧ ಇಲ್ಲ ಅಂತ ವಿಚಾರಣೆ ಹೇಳಿತು, ಅದನ್ನು ಅನುಮಾನಿಸೋಕೆ ನನ್ನ ಹತ್ತಿರ ಕಾರಣ ಇಲ್ಲ. ಲಸಿಕೆಯೂ ಒಳ್ಳೆಯದೇ. ಆದರೆ ವಿಚಾರಣೆಯಲ್ಲಿ ಇನ್ನೊಂದು ವಿಷಯ ಹೊರಬಂತು. ಹಾಸ್ಟೆಲಿನಲ್ಲಿದ್ದ ಎಷ್ಟೋ ಮಕ್ಕಳ ಒಪ್ಪಿಗೆ ಪತ್ರಕ್ಕೆ ಸೈನ್ ಹಾಕಿದ್ದವರು ವಾರ್ಡನ್‌ಗಳು. ಅಪ್ಪ-ಅಮ್ಮನಿಗೆ ಗೊತ್ತೇ ಇರಲಿಲ್ಲ. 2013ರಲ್ಲಿ ಸಂಸತ್ತಿನ ಸ್ಥಾಯಿ ಸಮಿತಿ ಇದನ್ನು ಕಟುವಾಗಿ ಟೀಕಿಸಿತು. ವಾರ್ಡನ್ ಸೈನ್ ಹಾಕಿಸಿಕೊಂಡು ಯಾವ ಇಂಟರ್‌ನ್ಯಾಷನಲ್ ಸ್ಕೂಲಿನ ಮಕ್ಕಳಿಗೂ ಯಾರೂ ಸೂಜಿ ಚುಚ್ಚೋಕೆ ಹೋಗಲ್ಲ, ಅದು ನಿಮಗೂ ಗೊತ್ತು ನನಗೂ ಗೊತ್ತು.

ಇದಕ್ಕಿಂತ ಆಳದಲ್ಲಿ ಇನ್ನೊಂದು ತೊಡಕಿದೆ. ನನ್ನ ಮೈಯನ್ನು ನಾನು ಪ್ರಯೋಗಕ್ಕೆ ಕೊಟ್ಟರೆ ಅದು ನನ್ನ ತ್ಯಾಗ. ಮಗುವಿನ ಮೈಯನ್ನು ನಾನು ಕೊಟ್ಟರೆ ಅದು ಯಾರ ತ್ಯಾಗ? 1970ರ ದಶಕದಲ್ಲಿ ಅಮೆರಿಕದ ಇಬ್ಬರು ಧರ್ಮಶಾಸ್ತ್ರಜ್ಞರು ಇದರ ಬಗ್ಗೆ ಗಟ್ಟಿಯಾಗಿ ವಾದ ಮಾಡಿದರು. ಮಗುವಿಗೇ ಉಪಯೋಗ ಇಲ್ಲದ ಪ್ರಯೋಗಕ್ಕೆ ಮಗುವನ್ನು ಒಪ್ಪಿಸೋ ಹಕ್ಕು ಹೆತ್ತವರಿಗೂ ಇಲ್ಲ ಅಂತ ಪಾಲ್ ರಾಮ್ಸಿ. ಅಪಾಯ ತೀರಾ ಕಡಿಮೆ ಇದ್ದು ಬೇರೆ ಮಕ್ಕಳಿಗೆ ಒಳ್ಳೆಯದಾಗೋ ಹಾಗಿದ್ದರೆ, ತಿಳಿವಳಿಕೆ ಇದ್ದಿದ್ದರೆ ಆ ಮಗುವೂ ಒಪ್ಪಬೇಕಾಗಿದ್ದ ವಿಷಯ ಅದು, ಹಾಗಾಗಿ ಹೆತ್ತವರು ಒಪ್ಪಬಹುದು ಅಂತ ರಿಚರ್ಡ್ ಮೆಕಾರ್ಮಿಕ್. ಓದುವಾಗ ಮನಸ್ಸು ರಾಮ್ಸಿ ಕಡೆ ವಾಲುತ್ತೆ. ಆದರೆ ಪುಟ್ಟನ ವಿಷಯದಲ್ಲಿ ಅವರ ಆಕ್ಷೇಪ ನಿಲ್ಲಲ್ಲ. ಅವನು ಕಾಯಿಲೆ ಬಿದ್ದ ಮಗು, ಯಾವ ಗುಂಪಿಗೆ ಬಿದ್ದರೂ ಚಿಕಿತ್ಸೆ ಸಿಗ್ತಿತ್ತು, ಆ ಸ್ಕ್ಯಾನಿನಿಂದ ಅವನಿಗೇ ಲಾಭ ಆಗಿದ್ದರೂ ಆಗಬಹುದಿತ್ತು. ನಾನು ಕಾಪಾಡಿದ್ದು ಅವನನ್ನಾ, ಇಲ್ಲ ನಾಳೆ ಏನಾದರೂ ಹೆಚ್ಚುಕಡಿಮೆ ಆದರೆ ‘ನೀನೇ ಹೇಳಿದ್ದು’ ಅನ್ನಿಸಿಕೊಳ್ಳೋದರಿಂದ ನನ್ನನ್ನಾ? ಎರಡನೆಯದೇ ಇರಬೇಕು.

ನನ್ನನ್ನು ಎಲ್ಲಕ್ಕಿಂತ ಹೆಚ್ಚು ಕಾಡೋದು ಆ ವಾರ್ಡಿನ ಎರಡು ಹಾಸಿಗೆ. ಓದಿಕೊಂಡವನು, ಇಂಗ್ಲಿಷ್‌ನಲ್ಲಿ ನಾಲ್ಕು ಮಾತು ಕೇಳಬಲ್ಲವನು, ಡಾಕ್ಟರ ಕಣ್ಣಲ್ಲಿ ಕಣ್ಣಿಟ್ಟು ‘ಬೇಡ’ ಅನ್ನೋ ಧೈರ್ಯ ಇದ್ದವನು ಬೇಡ ಅಂದ. ಮಂಡಿಯಲ್ಲಿ ಬಾಕ್ಸ್ ಹೊರುವವನ ಮನೆಯವರು ಆಯ್ತು ಅಂದರು. ಇದು ನಮ್ಮ ವಾರ್ಡಿನದ್ದಷ್ಟೇ ಕಥೆ ಆಗಿರಲಾರದು. ಬೇಡ ಅನ್ನೋಕೆ ಆಗೋರೆಲ್ಲ ಬೇಡ ಅಂತ ಹೋದರೆ, ಉಳಿದವರ ಮಕ್ಕಳೇ ನಮ್ಮ ಮಕ್ಕಳ ಔಷಧಿಗೆ ಅಳತೆಗೋಲು ಆಗ್ತಾರೆ. ಹಾಗೆ ನೋಡಿದರೆ ಆ ಮೂರು ಪುಟ ಓದಿ ಅರ್ಥ ಮಾಡಿಕೊಂಡು, ಕೇಳಬೇಕಾದ್ದನ್ನು ಕೇಳಿ, ‘ಆಯ್ತು’ ಅನ್ನೋ ಋಣ ಇದ್ದಿದ್ದು ನನ್ನ ಮೇಲೆ, ಆ ಹುಡುಗಿಯ ಅಮ್ಮನ ಮೇಲಲ್ಲ.

ಅವರದ್ದು ತಿಳಿಯದೆ ಕೊಟ್ಟ ಒಪ್ಪಿಗೆ ಅಂತ ನಾನು ಮೊದಲು ಅಂದುಕೊಂಡಿದ್ದೆ. ಓದಿದವರಿಗೆ ಈ ದುರಹಂಕಾರ ಸಹಜವಾಗೇ ಬರುತ್ತೆ. ಮೂರನೇ ದಿನ ಕ್ಯಾಂಟೀನಿನಲ್ಲಿ ಟೀ ಕುಡೀತಾ ಕೇಳೇಬಿಟ್ಟೆ, ಯಾಕೆ ಒಪ್ಪಿಕೊಂಡ್ರಿ ಅಂತ.

“ಸ್ಕ್ಯಾನ್‌ನೋರ ಲಿಸ್ಟಲ್ಲಿ ಹೆಸ್ರಿದ್ರೆ ಆ ಡಾಕ್ಟ್ರಮ್ಮ ಗಂಟೆಗೊಂದ್ಸಲ ಬಂದು ನೋಡ್ತಾರಣ್ಣ. ಇಲ್ದಿದ್ರೂ ಬರ್ತಾರೆ, ಇದ್ರೆ ತಪ್ಪಿಸಲ್ಲ. ದುಡ್ಡೇನೂ ಕೊಡಂಗಿಲ್ಲ, ಬೇಡ ಅನ್ಸಿದ್ರೆ ಬಿಡ್ಬೋದು ಅಂತ ಪೇಪರಲ್ಲೇ ಐತೆ, ನೀವು ಓದ್ಲಿಲ್ವಾ?”

ಓದಿರಲಿಲ್ಲ. ಅವರು ಓದಿಸಿಕೊಂಡಿದ್ದರು.

ಈಗ ಹೇಳಿ, ಯಾರ ನಿರ್ಧಾರ ತಿಳಿದು ಮಾಡಿದ್ದು? ಅವರು ಮಾನವಕುಲಕ್ಕೋಸ್ಕರ ಒಪ್ಪಿಕೊಳ್ಳಲಿಲ್ಲ, ಮಗಳಿಗೆ ಇನ್ನೊಂದು ಜೊತೆ ಕಣ್ಣು ಕಾವಲಿರಲಿ ಅಂತ ಒಪ್ಪಿಕೊಂಡರು. ಇಂಥ ಲಾಭಕ್ಕೆ ಒಪ್ಪೋದು ನಿಜವಾದ ಒಪ್ಪಿಗೆ ಹೌದಾ ಅಂತ ನೀತಿಶಾಸ್ತ್ರದವರು ಕೇಳ್ತಾರೆ. ಎಲ್ಲ ಮಕ್ಕಳಿಗೂ ಗಂಟೆಗೊಂದು ಸಲ ಬರೋವಷ್ಟು ಡಾಕ್ಟರು ಇಲ್ಲದ ಊರಿನಲ್ಲಿ ಆ ಪ್ರಶ್ನೆಯನ್ನು ಆ ತಾಯಿಗೆ ಕೇಳೋಕೆ ನನಗೆ ಬಾಯಿ ಬರಲ್ಲ, ಅಷ್ಟೇ.

ಪುಟ್ಟನನ್ನೂ ಒಂದು ಮಾತು ಕೇಳಬೇಕಿತ್ತು ಅನ್ನೋದು ಆಮೇಲೆ ಗೊತ್ತಾಯ್ತು. ಏಳು ವರ್ಷ ದಾಟಿದ ಮಕ್ಕಳಿಗೆ ಅರ್ಥ ಆಗೋ ಹಾಗೆ ಹೇಳಿ ಬಾಯಿಮಾತಿನಲ್ಲಾದರೂ ಅವರ ಸಮ್ಮತಿ ತಗೋಬೇಕು, ಹನ್ನೆರಡು ದಾಟಿದವರದ್ದು ಬರಹದಲ್ಲಿ, ಅಂತ ಐಸಿಎಂಆರ್‌ನ 2017ರ ಮಾರ್ಗಸೂಚಿಯಲ್ಲಿದೆ. ಆ ಸ್ಥಿತಿಯಲ್ಲಿ ಅವನಿಗೆ ಏನು ಅರ್ಥ ಆಗ್ತಿತ್ತೋ. ಆದರೆ ಕೇಳೋ ಹಂತಕ್ಕೇ ನಾನು ಬಿಡಲಿಲ್ಲ. ಮೊನ್ನೆ ಹಬ್ಬಕ್ಕೆ ಹೋದಾಗ ಎಲ್ಲ ವಿವರಿಸಿ, ಅವತ್ತು ಕೇಳಿದ್ದರೆ ಏನು ಹೇಳ್ತಿದ್ದೆ ಅಂದೆ. ಸ್ಕ್ಯಾನ್ ಮಾಡುವಾಗ ನೋವಾಗುತ್ತಾ ಅಂದ. ಇಲ್ಲ, ಹೊಟ್ಟೆ ಮೇಲೆ ತಣ್ಣಗೆ ಜೆಲ್ ಹಚ್ತಾರೆ ಅಷ್ಟೇ ಅಂದೆ. “ಟಿವಿ ತರ ಕಾಣ್ಸುತ್ತಾ? ನಂಗೂ ತೋರಿಸ್ತಿದ್ರಾ? ಮತ್ಯಾಕ್ ಬೇಡ ಅಂದೆ ಮಾಮ” ಅಂತ ಜಗಳಕ್ಕೇ ಬಂದ.

ಅಕ್ಕ ಮಾತ್ರ ಇವತ್ತಿಗೂ ನನ್ನ ಕಡೆ. ಅಂದರೆ ಆ ರಾತ್ರಿಯ ನನ್ನ ಕಡೆ. ಇದನ್ನು ಬರೆದು ಮುಗಿಸಿ, ಮಾಲೂರು ಸ್ಟೇಷನ್ನಿನಲ್ಲಿ ರೈಲಿಗೆ ಕಾಯ್ತಾ ಫೋನಿನಲ್ಲಿ ಅವಳಿಗೆ ಓದಿ ಹೇಳಿದೆ. ಪೂರ್ತಿ ಕೇಳಿಸಿಕೊಂಡಳು. “ಎಲ್ಲಾ ಚೆನ್ನಾಗ್ ಬರ್ದಿದ್ಯ. ಆದ್ರೆ ಅವತ್ತು ನೀನು ಬೇಡ ಅಂದಿದ್ದಕ್ಕೇ ನಾನು ಆ ರಾತ್ರಿ ಒಂಚೂರು ನಿದ್ದೆ ಮಾಡ್ದೆ ಕಣೋ” ಅಂದಳು. ಆಮೇಲೆ, “ನಿಂಗೂ ಒಂದು ಮಗು ಆಗ್ಲಿ, ಆವಾಗ ಇನ್ನೊಂದ್ಸಲ ಬರಿ” ಅಂತ ಹೇಳಿ, ಟ್ಯಾಂಕರ್ ಬಂತು, ಡ್ರಮ್ಮು ತೊಳೀಬೇಕು ಅಂತ ಫೋನಿಟ್ಟಳು.